ದೇವರ ಬಾಣಕ್ಕೆ ಬೆನ್ನು ತೋರಿಸಬಹುದೇ?

1467ರ ಬೇಸಿಗೆಯಲ್ಲಿ ಆಟೋಮನ್ ಸುಲ್ತಾನ ಎರಡನೆಯ ಮೆಹ್ಮದ್ ಅಲ್ಬೇನಿಯಾದ ದಂಡಯಾತ್ರೆ ಮುಗಿಸಿ ರಾಜಧಾನಿಯ ದಾರಿ ಹಿಡಿದಿದ್ದ. ಹದಿನಾಲ್ಕು ವರ್ಷ ಹಿಂದೆ, ಇಪ್ಪತ್ತೊಂದರ ಹರೆಯದಲ್ಲಿ, ಕಾನ್‌ಸ್ಟಾಂಟಿನೋಪಲಿನ ಸಾವಿರ ವರ್ಷದ ಕೋಟೆಯನ್ನು ಫಿರಂಗಿಯಿಂದ ಬಿರಿಯಿಸಿ ಒಳಹೊಕ್ಕವನು ಇವನು. ದಾರಿಯಲ್ಲಿ ಸುದ್ದಿ ಬಂತು: ಥ್ರೇಸ್, ಮ್ಯಾಸಿಡೋನಿಯಾಗಳಲ್ಲೆಲ್ಲ ಪ್ಲೇಗು ಹಬ್ಬಿದೆ, ರಾಜಧಾನಿಯಲ್ಲಿ ಹೆಣ ಎತ್ತುವವರಿಲ್ಲ. ಸುಲ್ತಾನ ಕುದುರೆ ತಿರುಗಿಸಿದ. ಬಾಲ್ಕನ್ ಬೆಟ್ಟಸಾಲಿನಾಚೆ, ಡ್ಯಾನ್ಯೂಬ್ ನದಿಯ ಮಗ್ಗುಲಿನ ನಿಕೋಪೊಲಿಸ್ ಮತ್ತು ವಿದಿನ್ ಸೀಮೆಯಲ್ಲಿ ಶರತ್ಕಾಲ ಕಳೆದ. ಪಿಡುಗು ಇಳಿಯಿತೆಂಬುದು ಖಾತ್ರಿಯಾದ ಮೇಲೆ, ಚಳಿ ಹಿಡಿದ ನಂತರ ಊರು ಸೇರಿದ.

ಇದನ್ನು ಬರೆದಿಟ್ಟವನು ಇಂಬ್ರೋಸ್ ದ್ವೀಪದ ಗ್ರೀಕ್ ಇತಿಹಾಸಕಾರ ಕ್ರಿಟೊಬುಲೋಸ್. ಮೆಹ್ಮದನ ಸಾಹಸಗಳನ್ನು ಕೊಂಡಾಡಲು ಹೊರಟ ಅವನ ಗ್ರಂಥ ಈ ಪ್ಲೇಗಿನ ವರ್ಣನೆಗೇ ನಿಂತುಹೋಗುತ್ತದೆ. ನಗರದಲ್ಲಿ ದಿನಕ್ಕೆ ಆರುನೂರಕ್ಕೂ ಹೆಚ್ಚು ಜನ ಸಾಯುತ್ತಿದ್ದರು, ಬಾಗಿಲು ಹಾಕಿಕೊಂಡು ಒಳಗೆ ಕುಳಿತವರು ಸತ್ತು ಎರಡು ಮೂರು ದಿನವಾದರೂ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ ಎನ್ನುತ್ತಾನೆ ಅವನು. ಸುಲ್ತಾನ ದೂರ ಉಳಿದದ್ದನ್ನು ಅವನು ತಪ್ಪೆಂದು ಬಗೆದ ಹಾಗಿಲ್ಲ.

ಈಗ ತೊಂಬತ್ತನಾಲ್ಕು ವರ್ಷ ಮುಂದೆ ಬರಬೇಕು. 1561. ಅದೇ ಊರು, ಅದೇ ರೋಗ. ಸಿಂಹಾಸನದ ಮೇಲೆ ಮೆಹ್ಮದನ ಮರಿಮೊಮ್ಮಗ ಸುಲೇಮಾನ್. ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ರಾಯಭಾರಿ ಬುಸ್ಬೆಕ್ ತಂಗಿದ್ದ ಮನೆಯೊಳಕ್ಕೇ ಪ್ಲೇಗು ಕಾಲಿಟ್ಟಿತು. ಅವನ ಆಪ್ತ ವೈದ್ಯ ಕ್ವಾಕೆಲ್ಬೀನ್ ಈ ಪಿಡುಗಿಗೇ ಬಲಿಯಾದ. ಬೇರೆ ಮನೆಗೆ ಹೋಗಲು ಅಪ್ಪಣೆ ಕೊಡಿ ಎಂದು ಬುಸ್ಬೆಕ್ ಪ್ರಧಾನ ವಜೀರ ರುಸ್ತಮ್ ಪಾಷಾನ ಮೂಲಕ ಕೇಳಿಸಿದ. ಸುಲ್ತಾನನಿಂದ ಬಂದ ಉತ್ತರ ಖಡಕ್ಕಾಗಿತ್ತು. ಪ್ಲೇಗು ದೇವರ ಬಾಣ, ಗುರಿ ತಪ್ಪದ ಬಾಣ, ಅದರಿಂದ ಎಲ್ಲಿಗೆ ಓಡುತ್ತಾನಂತೆ? ತನ್ನ ಅರಮನೆಯಲ್ಲೂ ಪ್ಲೇಗಿದೆ, ಆದರೂ ತಾನು ಕದಲಿಲ್ಲ. ಕೆಲವೇ ದಿನಗಳಲ್ಲಿ ರುಸ್ತಮ್ ತೀರಿಕೊಂಡ. ಅವನ ಜಾಗಕ್ಕೆ ಬಂದ ಅಲಿ ಪಾಷಾ ಬುಸ್ಬೆಕ್‌ಗೆ ಅನುಮತಿ ಕೊಡಿಸಿದ. ರಾಯಭಾರಿ ಮರ್ಮರಾ ಸಮುದ್ರದ ಪ್ರಿಂಕಿಪೋ ದ್ವೀಪದಲ್ಲಿ ಮೂರು ತಿಂಗಳು ಮೀನು ಹಿಡಿಯುತ್ತ, ಗಿಡಮೂಲಿಕೆ ನೋಡುತ್ತ ಬದುಕಿಕೊಂಡ.

ಬುಸ್ಬೆಕ್ ಬರೆದ ಪತ್ರಗಳು ಯುರೋಪಿನಲ್ಲಿ ನೂರಾರು ವರ್ಷ ಓದಿಸಿಕೊಂಡವು. ತುರ್ಕರು ಸಾವು ಹಣೆಯಲ್ಲಿ ಬರೆದಿದೆಯೆಂದು ನಂಬಿ ಪ್ಲೇಗಿನಲ್ಲಿ ಸತ್ತವರ ಬಟ್ಟೆಯನ್ನೇ ಉಟ್ಟುಕೊಳ್ಳುತ್ತಾರೆ ಎಂಬ ಅವನ ಮಾತು ಒಬ್ಬ ಪ್ರವಾಸಿಯಿಂದ ಇನ್ನೊಬ್ಬನಿಗೆ ದಾಟುತ್ತ ಬಂತು. ಕೊನೆಗೆ ಮುಸ್ಲಿಂ ಜಗತ್ತೆಂದರೆ ಹಣೆಬರಹಕ್ಕೆ ತಲೆಬಾಗಿ ಕೈಕಟ್ಟಿ ಕೂತ ಜಗತ್ತು ಎಂಬ ಚಿತ್ರ ಗಟ್ಟಿಯಾಯಿತು. ಹತ್ತೊಂಬತ್ತನೇ ಶತಮಾನದ ವೈದ್ಯಕೀಯ ಇತಿಹಾಸಗಳೂ ಈ ಚಿತ್ರವನ್ನೇ ಹೊತ್ತು ತಂದವು.

ಆ ಚಿತ್ರ ತಪ್ಪು. ಪ್ಲೇಗಿನ ಮುಂದೆ ನಂಬಿಕಸ್ಥ ಮನುಷ್ಯ ಏನು ಮಾಡಬೇಕೆಂಬ ಪ್ರಶ್ನೆಯನ್ನು ಆಟೋಮನ್ ಸೀಮೆಯಲ್ಲಿ ಮತ್ತು ಅದಕ್ಕೆ ಮಾತು ಕೊಟ್ಟ ಅರಬ್ಬೀ ಪರಂಪರೆಯಲ್ಲಿ ಜನ ಬಹಳ ಗಂಭೀರವಾಗಿ, ತಮ್ಮ ಮಕ್ಕಳನ್ನು ಮಣ್ಣು ಮಾಡುತ್ತಲೇ, ಚರ್ಚಿಸಿದರು. ದೇವರೋ ಔಷಧವೋ ಎಂದು ಅವರು ಕೇಳಿದ್ದು ಕಡಿಮೆ. ನಾನು ಹೊರಟರೆ ಹಿಂದೆ ಉಳಿಯುವವರಿಗೆ ಯಾರು ಗತಿ ಎಂಬುದು ಅವರ ವಾದಗಳ ಒಡಲಲ್ಲಿದ್ದ ಪ್ರಶ್ನೆ.

ಈ ವಾದದ ಬೇರು ಏಳನೇ ಶತಮಾನದಲ್ಲಿದೆ. ಖಲೀಫ ಉಮರ್ ಸಿರಿಯಾಕ್ಕೆ ಹೊರಟು ಸರ್ಗ್ ಎಂಬ ಗಡಿಯೂರು ತಲುಪಿದಾಗ ಮುಂದೆ ಪ್ಲೇಗಿದೆ ಎಂಬ ಸುದ್ದಿ ಬಂತು. ಅವನು ಹಿರಿಯರನ್ನು ಗುಂಪುಗುಂಪಾಗಿ ಕೂಡಿಸಿ ಕೇಳಿದ. ಮೊದಲೆರಡು ಗುಂಪುಗಳಲ್ಲಿ ಒಮ್ಮತ ಬರಲಿಲ್ಲ. ಕುರೈಷ್ ವಂಶದ ವೃದ್ಧರು ಮಾತ್ರ ಒಕ್ಕೊರಲಿನಿಂದ ವಾಪಸಾಗಿ ಎಂದರು. ಉಮರ್ ಹಿಂತಿರುಗಲು ನಿಶ್ಚಯಿಸಿದಾಗ ಸೇನಾಪತಿ ಅಬೂ ಉಬೈದಾ ಆಕ್ಷೇಪಿಸಿದ: ದೇವರ ವಿಧಿಯಿಂದ ಓಡಿಹೋಗುತ್ತೀಯಾ? ಹೌದು, ದೇವರ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಗೆ ಹೋಗುತ್ತಿದ್ದೇನೆ ಎಂಬುದು ಉಮರನ ಉತ್ತರವಾಗಿತ್ತು. ಕಣಿವೆಯ ಒಂದು ಮಗ್ಗುಲು ಹಸಿರು, ಇನ್ನೊಂದು ಬರಡು. ಒಂಟೆ ಕಾಯುವವನು ಎಲ್ಲಿ ಮೇಯಿಸಿದರೂ ದೇವರ ವಿಧಿಯಂತೆಯೇ ಮೇಯಿಸುತ್ತಾನಲ್ಲವೇ ಎಂದು ಅವನು ಕೇಳಿದನಂತೆ. ಅಷ್ಟರಲ್ಲಿ ಅಬ್ದುರ್ರಹಮಾನ್ ಇಬ್ನ್ ಔಫ್ ಎಂಬ ಹಿರಿಯ ಬಂದು, ಪ್ರವಾದಿಯಿಂದ ತಾನು ಕೇಳಿದ್ದನ್ನು ಹೇಳಿದ. ಪ್ಲೇಗಿರುವ ನಾಡಿಗೆ ಕಾಲಿಡಬಾರದು, ನೀವಿರುವ ನಾಡಿಗೇ ಅದು ಬಂದರೆ ತಪ್ಪಿಸಿಕೊಳ್ಳಲೆಂದು ಅಲ್ಲಿಂದ ಹೊರಡಬಾರದು.

ಮುಂದಿನ ಸಾವಿರದ ಇನ್ನೂರು ವರ್ಷ ಧರ್ಮಶಾಸ್ತ್ರಜ್ಞರು ಜಗ್ಗಾಡಿದ್ದು ಈ ಇಬ್ಬಾಯಿಯ ಮಾತಿನ ಮೇಲೆ. ಒಳಗೆ ಹೋಗಬೇಡ ಎನ್ನುವುದು ಎಚ್ಚರಿಕೆಯ ಮಾತು. ಹೊರಗೆ ಬರಬೇಡ ಎನ್ನುವುದು? ಅದು ವಿಧಿಗೆ ಶರಣಾಗು ಎಂದೇ, ರೋಗ ಹರಡಬೇಡ ಎಂದೇ, ಅಥವಾ ಇನ್ನೇನಾದರೂ ಆಗಿದೆಯೇ?

ಸರ್ಗ್‌ನ ಪ್ರಸಂಗ ಅಲ್ಲಿಗೆ ಮುಗಿಯುವುದಿಲ್ಲ. ಪರಂಪರೆಯ ವೃತ್ತಾಂತಗಳ ಪ್ರಕಾರ, ಅಬೂ ಉಬೈದಾನನ್ನು ಉಳಿಸಿಕೊಳ್ಳಬೇಕೆಂದು ಉಮರ್ ತುರ್ತು ಕೆಲಸವಿದೆ, ಕೂಡಲೇ ಬಾ ಎಂದು ಪತ್ರ ಬರೆದ. ಸೇನಾಪತಿಗೆ ಒಳಮಾತು ತಿಳಿಯಿತು. ಸೈನಿಕರ ನಡುವೆ ಇದ್ದೇನೆ, ಅವರಿಗೆ ಒಂದು, ನನಗೆ ಒಂದು ಆಗಬೇಕೆಂಬ ಆಸೆ ನನಗಿಲ್ಲ ಎಂಬ ಅರ್ಥದ ಉತ್ತರ ಕಳಿಸಿದ. ಪ್ಯಾಲೆಸ್ಟೈನಿನ ಅಮ್ವಾಸ್ ಊರಿನಿಂದ ಹೆಸರು ಪಡೆದ ಆ ಪ್ಲೇಗಿನಲ್ಲಿ, 639ರಲ್ಲಿ, ಅವನು ಸತ್ತ. ಅವನನ್ನು ತಡೆದು ನಿಲ್ಲಿಸಿದ್ದು ವಿಧಿಯ ಸಿದ್ಧಾಂತವಲ್ಲ, ತನ್ನವರು ಎಂಬ ನಂಟು.

ಇದೇ ಎಳೆಯನ್ನು ಅತ್ಯಂತ ಸ್ಪಷ್ಟವಾಗಿ ಹಿಡಿದವನು 1111ರಲ್ಲಿ ತೀರಿಕೊಂಡ ಅಲ್ ಗಝಾಲಿ. ದೇವರ ಮೇಲಣ ಭರವಸೆ ಕುರಿತ ಅಧ್ಯಾಯದಲ್ಲಿ ಅವನು ಈ ಪ್ರಶ್ನೆ ಎತ್ತುತ್ತಾನೆ. ಕೆಟ್ಟ ಗಾಳಿ ರೋಗಕ್ಕೆ ಕಾರಣವಾದರೆ, ಆ ಗಾಳಿ ಬಿಟ್ಟು ಹೋಗುವುದು ಔಷಧ ಕುಡಿದಷ್ಟೇ ಸಹಜ. ಔಷಧ ಕುಡಿಯುವುದು ಭರವಸೆಗೆ ವಿರುದ್ಧವಲ್ಲ. ಹಾಗಿದ್ದ ಮೇಲೆ ಹೊರಡುವುದಕ್ಕೆ ಮಾತ್ರ ಯಾಕೆ ನಿಷೇಧ? ಗಟ್ಟಿಮುಟ್ಟಾದವರೆಲ್ಲ ಊರು ಬಿಟ್ಟರೆ ಉಳಿಯುವವರು ಮೇಲೇಳಲಾರದ ರೋಗಿಗಳಷ್ಟೇ. ಅವರಿಗೆ ನೀರು ಕುಡಿಸುವವರಿಲ್ಲ, ತುತ್ತು ಕೊಡುವವರಿಲ್ಲ. ಅವರು ಸಾಯುವುದು ಖಂಡಿತವಾಗುತ್ತದೆ, ಓಡಿದವರು ಬದುಕುವುದು ಮಾತ್ರ ಖಂಡಿತವಲ್ಲ, ಯಾಕೆಂದರೆ ಆ ಗಾಳಿ ಆಗಲೇ ಅವರ ಒಳಗೆ ಸೇರಿರಬಹುದು. ಆದ್ದರಿಂದ ನಿಷೇಧ. ಇಡೀ ಚರ್ಚೆಯಲ್ಲಿ ಇದಕ್ಕಿಂತ ಮಾನವೀಯವಾದ ವಾದ ಇನ್ನೊಂದು ಸಿಗುವುದಿಲ್ಲ. ದೇವರ ಆಜ್ಞೆಯ ಹಿಂದೆ ಬಾಯಾರಿದ ರೋಗಿಯ ಮುಖವನ್ನು ಗಝಾಲಿ ಕಂಡ.

1346ರ ಹೊತ್ತಿಗೆ ಕಪ್ಪು ಸಮುದ್ರದ ಕಾಫಾ ಬಂದರಿನಲ್ಲಿ ಕಾಣಿಸಿಕೊಂಡ ಮಹಾಮಾರಿ 1347ರಲ್ಲಿ ಕಾನ್‌ಸ್ಟಾಂಟಿನೋಪಲಿಗೆ ಬಂತು. ಆಗ ಆಟೋಮನ್ನರು ಬುರ್ಸಾ, ನಿಕಾಯಿಯಾ, ನಿಕೋಮೀಡಿಯಾಗಳನ್ನು ಗೆದ್ದು ಬೈಝಾಂಟೈನ್ ರಾಜಧಾನಿಯ ಎದುರು ದಡದಲ್ಲೇ ನೆಲೆಯೂರಿದ್ದ ಒಂದು ಸಣ್ಣ ಸಂಸ್ಥಾನ. ದೊರೆ ಓರ್ಹಾನ್ ಅದರ ಹಿಂದಿನ ವರ್ಷವಷ್ಟೇ ಜಾನ್ ಕಾಂಟಕೌಝೆನೋಸನ ಮಗಳು ಥಿಯೊಡೋರಾಳನ್ನು ಮದುವೆಯಾಗಿದ್ದ. ಕಾಂಟಕೌಝೆನೋಸ್ ಚಕ್ರವರ್ತಿಯಾದ ವರ್ಷವೇ ತನ್ನ ಕಿರಿಯ ಮಗ ಅಂದ್ರೋನಿಕೋಸನನ್ನು ಪ್ಲೇಗಿಗೆ ಕಳೆದುಕೊಂಡ, ಮುಂದೆ ಆ ರೋಗದ ಲಕ್ಷಣಗಳನ್ನು ತನ್ನ ಇತಿಹಾಸದಲ್ಲಿ ವಿವರವಾಗಿ ಬರೆದ. ಬೈಝಾಂಟೈನ್ ಬಂದರು ಪಟ್ಟಣಗಳು ಈ ಹೊಡೆತಕ್ಕೆ ನಲುಗಿದ್ದೇ, ಚದುರಿ ಬಾಳುತ್ತಿದ್ದ ತುರ್ಕಿ ಅಲೆಮಾರಿಗಳಿಗೆ ಬಾಲ್ಕನ್ನಿನ ಬಾಗಿಲು ತೆರೆಯಲು ನೆರವಾಯಿತು ಎಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಸೋಜಿಗವೆಂದರೆ ಹದಿನೈದನೇ ಶತಮಾನದಲ್ಲಿ ಬರೆದ ಮೊದಮೊದಲ ಆಟೋಮನ್ ಚರಿತ್ರೆಗಳಲ್ಲಿ ಈ ಮಹಾಮಾರಿಗೆ ಜಾಗವೇ ಇಲ್ಲ.

ಚರಿತ್ರೆ ಬರೆದವರು ಸುಮ್ಮನಿದ್ದರೂ ಪ್ಲೇಗು ಸುಮ್ಮನಿರಲಿಲ್ಲ. 1429ರಲ್ಲಿ ಬುರ್ಸಾ ನಗರದ ಪ್ಲೇಗು ಪ್ರಧಾನ ವಜೀರ ಚಂದರ್ಲಿ ಇಬ್ರಾಹಿಂ ಪಾಷಾನನ್ನು ಒಯ್ದಿತು. ಊರೆಲ್ಲ ಪೂಜ್ಯನೆಂದು ನಡೆದುಕೊಳ್ಳುತ್ತಿದ್ದ ಸಂತ ಎಮೀರ್ ಸುಲ್ತಾನನೂ ಅದೇ ಪ್ಲೇಗಿನಲ್ಲಿ ಸತ್ತನೆಂದು ಪ್ರತೀತಿ. ಸಂತನೇ ಪ್ಲೇಗಿಗೆ ಸತ್ತರೆ ಭಕ್ತರ ನಂಬಿಕೆ ಏನಾಗಬೇಕು? ಅದು ಅಲುಗಲಿಲ್ಲ. ಪ್ಲೇಗಿನಲ್ಲಿ ಸಹನೆಯಿಂದ ಸಾಯುವ ನಂಬಿಕಸ್ಥ ರಣರಂಗದಲ್ಲಿ ಮಡಿದವನಷ್ಟೇ ದೊಡ್ಡ ಹುತಾತ್ಮ ಎಂಬ ಪ್ರವಾದಿಯ ಮಾತು ಅವರ ಬೆನ್ನಿಗಿತ್ತು. ಮಗುವನ್ನು ಕಳೆದುಕೊಂಡ ತಾಯಿಗೆ ಈ ಮಾತು ಎಷ್ಟು ದೊಡ್ಡ ಆಸರೆಯಾಗಿತ್ತೆಂಬುದನ್ನು ಇಂದಿನ ಓದುಗರು ಹಗುರವಾಗಿ ಕಾಣಬಾರದು. ಪಾಪಕ್ಕೆ ಶಿಕ್ಷೆ ಎಂದು ಮೈಮೇಲೆ ಬಾರುಕೋಲು ಬೀಸಿಕೊಳ್ಳುತ್ತ ಊರೂರು ತಿರುಗಿದ, ಯಹೂದಿಗಳ ಮೇಲೆ ವಿಷದ ಆರೋಪ ಹೊರಿಸಿ ಜೀವಂತ ಸುಟ್ಟ ಯುರೋಪಿನ 1348–49ರ ದೃಶ್ಯಗಳ ಜೊತೆ ಇಟ್ಟು ನೋಡಿದರೆ ಅದರ ಬೆಲೆ ಇನ್ನಷ್ಟು ತಿಳಿಯುತ್ತದೆ. ಅದೇ 1348ರಲ್ಲಿ ಡಮಾಸ್ಕಸ್‌ನಲ್ಲಿ ಮುಸ್ಲಿಮರು ಖುರಾನ್ ಹಿಡಿದು, ಯಹೂದಿಗಳು ಮತ್ತು ಕ್ರೈಸ್ತರು ತಮ್ಮ ತಮ್ಮ ಗ್ರಂಥ ಹಿಡಿದು, ಮೂರು ದಿನದ ಉಪವಾಸದ ನಂತರ ಬರಿಗಾಲಲ್ಲಿ ಒಂದೇ ಮೆರವಣಿಗೆಯಲ್ಲಿ ಪ್ರಾರ್ಥನೆಗೆ ಹೋದದ್ದನ್ನು ಇಬ್ನ್ ಬತೂತಾ ಕಣ್ಣಾರೆ ಕಂಡು ಬರೆದಿದ್ದಾನೆ.

ಈ ಪ್ರಶ್ನೆಯನ್ನು ಅತಿ ಹತ್ತಿರದಿಂದ ಬಲ್ಲವನೆಂದರೆ ಕೈರೋದ ವಿದ್ವಾಂಸ ಇಬ್ನ್ ಹಜರ್ ಅಲ್ ಅಸ್ಕಲಾನಿ. ಅವನು 1372ರಲ್ಲಿ ಹುಟ್ಟಿ 1449ರಲ್ಲಿ ಸತ್ತ. 1416ರ ಪ್ಲೇಗಿನಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕಳೆದುಕೊಂಡ. 1430ರಲ್ಲಿ ಹಿರಿಯ ಮಗಳು ಝೈನ್ ಖಾತೂನ್ ಬಸುರಿಯಾಗಿದ್ದಾಗಲೇ ಸತ್ತಳು. ಮೊದಲ ದುಃಖದ ಕಾಲದಲ್ಲಿ ತೊಡಗಿ, ಮೂರನೆಯ ಸಾವಿನ ಬಳಿಕ ಮುಗಿಸಿದ ಅವನ ಪ್ಲೇಗಿನ ಗ್ರಂಥವನ್ನು ಆಟೋಮನ್ ವಿದ್ವಾಂಸರು ಮುಂದೆ ಶತಮಾನಗಳ ಕಾಲ ಕೈಗೆತ್ತಿಕೊಂಡರು.

ಪ್ಲೇಗು ಕೆಟ್ಟ ಗಾಳಿಯಿಂದ ಬರುತ್ತದೆಂಬ ಗ್ರೀಕ್ ವೈದ್ಯರ ಮಾತನ್ನು ಇಬ್ನ್ ಹಜರ್ ಒಪ್ಪಲಿಲ್ಲ. ಅವನ ಕಾರಣಗಳು ಕಣ್ಣಿಗೆ ಕಂಡವು. ಗಾಳಿ ಕೆಟ್ಟಿದ್ದರೆ ಎಲ್ಲರಿಗೂ ಬರಬೇಕಿತ್ತು, ಆದರೆ ಒಂದೇ ಮನೆಯಲ್ಲಿ ಒಬ್ಬ ಸತ್ತು ಪಕ್ಕದವನು ಗಟ್ಟಿಯಾಗಿರುತ್ತಾನೆ. ಒಳ್ಳೆಯ ಹವೆಯ ಊರಿಗೂ, ಹಿತವಾದ ಋತುವಿನಲ್ಲೂ ಅದು ಬರುತ್ತದೆ. ಆದ್ದರಿಂದ ಕಣ್ಣಿಗೆ ಕಾಣದ ಜಿನ್ನುಗಳ ಇರಿತವೇ ಕಾರಣ ಎಂಬ ಹದೀಸನ್ನು, ಅಂದರೆ ಪ್ರವಾದಿಯದೆಂದು ದಾಖಲಾದ ಮಾತನ್ನು, ಅವನು ಹಿಡಿದ. ಸಾಮೂಹಿಕ ಪ್ರಾರ್ಥನೆಯ ವಿಷಯದಲ್ಲೂ ಅವನು ಕಣ್ಣು ಮುಚ್ಚಲಿಲ್ಲ. 1430ರಲ್ಲಿ ಕೈರೋದ ಜನ ಮೂರು ದಿನ ಉಪವಾಸವಿದ್ದು ಮರುಭೂಮಿಗೆ ಹೋಗಿ ಒಟ್ಟಾಗಿ ಬೇಡಿಕೊಂಡರು. ಅದಕ್ಕೆ ಮುಂಚೆ ದಿನದ ಸಾವು ನಲವತ್ತರ ಒಳಗಿತ್ತು, ಆ ತಿಂಗಳು ಮುಗಿಯುವುದರೊಳಗೆ ಸಾವಿರ ದಾಟಿತು. ಈ ಲೆಕ್ಕವನ್ನು ಬರೆದಿಟ್ಟು, ಇಂಥ ಜನಜಾತ್ರೆಗೆ ಧರ್ಮದಲ್ಲಿ ಆಧಾರವಿಲ್ಲ ಎಂದ. ಮೂರು ಹೆಣ್ಣುಮಕ್ಕಳನ್ನು ಕಳೆದುಕೊಂಡ ತಂದೆ, ಹದೀಸ್ ಶಾಸ್ತ್ರದ ಅಗ್ರಗಣ್ಯ, ಪ್ರಾರ್ಥನೆಯ ಹಿಂದೆ ಮುಂದೆ ಹೆಣ ಎಣಿಸುತ್ತಾನೆ. ಇದನ್ನು ವಿಧಿಗೆ ಸೋತ ಮನಸ್ಸೆನ್ನಲಾಗದು.

ಅವನಿಗಿಂತ ಮುಂಚೆಯೇ, ಇಸ್ಲಾಮೀ ಜಗತ್ತಿನ ಇನ್ನೊಂದು ತುದಿಯಲ್ಲಿ, ಗ್ರನಾಡಾದ ಮಂತ್ರಿ, ವೈದ್ಯ, ಕವಿ ಇಬ್ನುಲ್ ಖತೀಬ್ ತದ್ವಿರುದ್ಧ ನಿಲುವಿಗೆ ಬಂದಿದ್ದ. ಅಂಟುರೋಗವೆಂಬುದಿಲ್ಲ ಎನ್ನುವ ಪ್ರಸಿದ್ಧ ಹದೀಸ್ ಇದ್ದರೂ, ಪ್ಲೇಗು ಅಂಟುತ್ತದೆ ಎಂದು ಅವನು ನೇರವಾಗಿ ಬರೆದ. ರೋಗಿಯ ಬಟ್ಟೆ, ಪಾತ್ರೆ, ಕೊನೆಗೆ ಕಿವಿಯೋಲೆಯಿಂದ ಕೂಡ ಅದು ದಾಟುವುದನ್ನು, ಸೋಂಕಿನ ಊರಿಂದ ಹಡಗು ಬಂದ ಬಂದರಿಗೆ ಅದು ಇಳಿಯುವುದನ್ನು ಸಾಕ್ಷಿಯಾಗಿ ಕೊಟ್ಟ. ಮೊರಾಕ್ಕೋದ ಸಲೇ ಪಟ್ಟಣದಲ್ಲಿ ಇಬ್ನ್ ಅಬೀ ಮದ್ಯನ್ ಎಂಬ ಧರ್ಮನಿಷ್ಠ ದವಸ ಕೂಡಿಟ್ಟು, ತುಂಬಿದ ಸಂಸಾರದೊಂದಿಗೆ ಮನೆಯ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿಕೊಂಡು ಕುಳಿತ. ಊರು ಬರಿದಾದರೂ ಅವನ ಮನೆಯಲ್ಲಿ ಒಂದು ಜೀವವೂ ಹೋಗಲಿಲ್ಲ. ಪ್ರತ್ಯಕ್ಷ ಪ್ರಮಾಣಕ್ಕೂ ಶಾಸ್ತ್ರವಾಕ್ಯಕ್ಕೂ ಹೊಂದಿಕೆಯಾಗದಿದ್ದರೆ ಶಾಸ್ತ್ರವಾಕ್ಯಕ್ಕೆ ಬೇರೆ ಅರ್ಥ ಹುಡುಕಬೇಕು ಎಂಬುದು ಇಬ್ನುಲ್ ಖತೀಬನ ತೀರ್ಮಾನ. ಮುಂದೆ ಅವನ ಮೇಲೆ ಧರ್ಮದ್ರೋಹದ ಆರೋಪ ಬಂದು, 1374ರಲ್ಲಿ ಫೆಝ್ ನಗರದ ಸೆರೆಮನೆಯಲ್ಲಿ ಕತ್ತು ಹಿಸುಕಿ ಕೊಂದರು. ಅದರ ಮೂಲ ರಾಜಕೀಯ ಹಗೆತನ. ಪ್ಲೇಗಿನ ಬಗ್ಗೆ ಬರೆದದ್ದಕ್ಕೇ ಸತ್ತನೆಂದು ಅವನನ್ನು ವಿಜ್ಞಾನದ ಹುತಾತ್ಮನನ್ನಾಗಿ ಮಾಡುವುದು ಸರಿಯಲ್ಲ.

ಈ ಇಬ್ಬರಲ್ಲಿ ಯಾರು ಸರಿ? ಇವತ್ತಿನ ತಿಳಿವಳಿಕೆಯಿಂದ ನೋಡಿದರೆ ಇಬ್ಬರೂ ಕಂಡದ್ದು ನಿಜವೇ. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಪ್ಲೇಗಿನ ಬ್ಯಾಕ್ಟೀರಿಯಾವನ್ನು ಗುರುತಿಸಿದ. 1898ರಲ್ಲಿ ಕರಾಚಿಯಲ್ಲಿ ಸಿಮೋಂ ಅದು ಇಲಿಯ ಚಿಗಟದಿಂದ ಬರುತ್ತದೆಂದು ತೋರಿಸಿದ. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಏಳುವ ಪ್ಲೇಗು ಸಾಮಾನ್ಯವಾಗಿ ಮನುಷ್ಯನಿಂದ ಮನುಷ್ಯನಿಗೆ ನೇರ ಹರಡುವುದಿಲ್ಲ. ಹಾಗಾಗಿ ರೋಗಿಯ ಪಕ್ಕದಲ್ಲೇ ಕೂತು ಸೇವೆ ಮಾಡಿದವನು ಬದುಕಿದ್ದನ್ನು ಕಂಡ ಇಬ್ನ್ ಹಜರ್ ಸುಳ್ಳು ಹೇಳಲಿಲ್ಲ. ಚಿಗಟ ಬಟ್ಟೆಯಲ್ಲಿ ಅಡಗಿ ಊರೂರು ಸುತ್ತುವುದರಿಂದ, ಬಟ್ಟೆಯ ಮೇಲೆ ಬೊಟ್ಟು ಮಾಡಿದ ಇಬ್ನುಲ್ ಖತೀಬನದೂ ಸುಳ್ಳಲ್ಲ. ಇಲಿಯನ್ನೂ ಚಿಗಟವನ್ನೂ ಹಿಡಿಯುವ ಸಾಧನ ಆ ಕಾಲದ ಯಾವ ಧರ್ಮದವರ ಬಳಿಯೂ ಇರಲಿಲ್ಲ.

ಈ ಎರಡೂ ಧಾರೆಗಳು ಆಟೋಮನ್ ಸಾಮ್ರಾಜ್ಯದಲ್ಲಿ ಕೂಡಿಕೊಂಡವು. 1516–17ರಲ್ಲಿ ಸುಲ್ತಾನ್ ಸೆಲೀಮ್ ಸಿರಿಯಾ, ಈಜಿಪ್ಟುಗಳನ್ನು ಗೆದ್ದಾಗ ಕೈರೋ, ಅಲೆಪ್ಪೊ, ಇಸ್ತಾಂಬುಲ್ (ಅದೇ ಕಾನ್‌ಸ್ಟಾಂಟಿನೋಪಲ್) ಒಂದೇ ಆಡಳಿತದ ಹಾದಿಗಳಲ್ಲಿ ಬೆಸೆದವು. ಧಾನ್ಯದ ಹಡಗು, ಹಜ್ ಯಾತ್ರಿಕರ ಸಾಲು, ಸೈನ್ಯ, ಎಲ್ಲವೂ ಓಡಾಡಿದವು, ಅವುಗಳ ಜತೆ ಪ್ಲೇಗೂ. ಈ ಕಾಲದ ಬಗ್ಗೆ 2015ರಲ್ಲಿ ದೊಡ್ಡ ಗ್ರಂಥ ಬರೆದ ಇತಿಹಾಸಕಾರ್ತಿ ನುಖೆತ್ ವಾರ್ಲಿಕ್ ತೋರಿಸುವಂತೆ, ಸಾಮ್ರಾಜ್ಯ ಬೆಳೆದಂತೆ ಪ್ಲೇಗಿನ ಜಾಲವೂ ಬೆಳೆಯಿತು. ಆಗೊಮ್ಮೆ ಈಗೊಮ್ಮೆ ಬರುತ್ತಿದ್ದುದು ಬರಬರುತ್ತ ಇಸ್ತಾಂಬುಲಿನಲ್ಲೇ ಬೇರೂರಿತು.

ಇದ್ರಿಸ್ ಬಿದ್ಲಿಸಿ ಎಂಬ ಪಂಡಿತ, ಆಟೋಮನ್ ಅರಸರ ಚರಿತ್ರೆಯನ್ನು ಪಾರಸಿಯಲ್ಲಿ ಬರೆದವನು, ಹಜ್ ಯಾತ್ರೆಯ ಕಾಲದಲ್ಲಿ ಪ್ಲೇಗಿನ ಊರುಗಳನ್ನು ತಪ್ಪಿಸಿ ನಡೆದ. ಅದಕ್ಕಾಗಿ ಟೀಕೆಗೆ ಗುರಿಯಾದ. ಉತ್ತರವಾಗಿ ಪ್ಲೇಗಿನ ಜಾಗಗಳಿಂದ ದೂರವಿರುವುದನ್ನು ಸಮರ್ಥಿಸುವ ಗ್ರಂಥವನ್ನೇ ಬರೆದ. ಬುರ್ಸಾದಲ್ಲಿ 1495ರಲ್ಲಿ ಹುಟ್ಟಿದ ತಾಶ್‌ಕೊಪ್ರುಝಾದೆ ಅಹ್ಮದ್ ಇಸ್ತಾಂಬುಲಿನ ಖಾಜಿಯಾಗಿದ್ದವನು, ಕೊನೆಗಾಲದಲ್ಲಿ ಕಣ್ಣು ಕಳೆದುಕೊಂಡವನು. ಅವನೂ ಪ್ಲೇಗಿನ ಮೇಲೆ ಒಂದು ಗ್ರಂಥ ಬರೆದ. ರೋಗಕ್ಕೆ ಕಾರಣಗಳಿವೆ, ಆ ಕಾರಣಗಳೂ ದೇವರ ಏರ್ಪಾಡೇ, ಹಾಗಾಗಿ ಅವುಗಳಿಂದ ತಪ್ಪಿಸಿಕೊಳ್ಳುವುದು ದೇವರಿಗೆ ಬೆನ್ನು ತಿರುಗಿಸುವುದಲ್ಲ ಎಂಬುದು ಅವನ ವಾದದ ತಿರುಳು. ಅದೇ ಗ್ರಂಥದಲ್ಲಿ ರೋಗ ತಡೆಯುವ ಪ್ರಾರ್ಥನೆಗಳೂ ಇವೆ, ಅಕ್ಷರಗಳ ರಕ್ಷೆಗಳೂ ಇವೆ. ಅವನಿಗೆ ಅವು ಒಂದೇ ಕೆಲಸದ ಎರಡು ಕೈಗಳು.

ಬುಸ್ಬೆಕ್‌ಗೆ ದೇವರ ಬಾಣದ ಮಾತು ಕೇಳಿಸಿದ ಸುಲೇಮಾನನ ಆಳ್ವಿಕೆಯಲ್ಲೇ ನೇಮಕಗೊಂಡು, 1545ರಿಂದ 1574ರ ತನಕ, ಸಾಮ್ರಾಜ್ಯದ ಅತ್ಯುಚ್ಚ ಧರ್ಮಾಧಿಕಾರಿಯಾಗಿದ್ದವನು ಎಬುಸ್ಸೂದ್ ಎಫೆಂದಿ. ಪ್ಲೇಗಿನಿಂದ ಓಡುವುದು ಶಾಸ್ತ್ರಸಮ್ಮತವೇ ಎಂಬ ಪ್ರಶ್ನೆ ಅವನ ಮುಂದೆ ಬಂತು. ದೇವರ ಉಗ್ರತೆಯಿಂದ ದೇವರ ಕೃಪೆಯ ಆಸರೆಗೆ ಹೋಗುವ ಸಂಕಲ್ಪ ಮನಸ್ಸಿನಲ್ಲಿದ್ದರೆ ಸಮ್ಮತ ಎಂದು ಅವನು ಫತ್ವಾ ಕೊಟ್ಟ. ಉಮರ್ ಸರ್ಗ್‌ನಲ್ಲಿ ಆಡಿದ ಮಾತಿನ ನೆರಳು ಇಲ್ಲಿದೆ. ಓಡುವ ದಿಕ್ಕು ಎರಡೂ ಕಡೆ ದೇವರೇ.

ಇದು ದೊಡ್ಡ ಬಿಡುಗಡೆ. ಜೀವ ಉಳಿಸಿಕೊಂಡ ಅಪರಾಧಭಾವದಿಂದ ಸಾವಿರಾರು ಜನರನ್ನು ಇದು ಪಾರು ಮಾಡಿರಬೇಕು. ಆದರೆ ಗಝಾಲಿಯ ಪ್ರಶ್ನೆಯನ್ನು ಮುಂದಿಟ್ಟುಕೊಂಡರೆ ಈ ಫತ್ವಾದಲ್ಲಿ ಒಂದು ಕೊರತೆ ಕಾಣುತ್ತದೆ. ಅದು ಹೊರಡುವವನ ಮನಸ್ಸಿನ ಸಂಕಲ್ಪವನ್ನು ನೋಡುತ್ತದೆ, ಹಿಂದೆ ಉಳಿದವನ ಹಾಸಿಗೆಯನ್ನು ನೋಡುವುದಿಲ್ಲ. ಹೊರಡುವ ಶಕ್ತಿ ಇದ್ದದ್ದು ಯಾರಿಗೆ? ತೋಟದ ಮನೆ, ಬೆಟ್ಟದ ಬೀಡು ಇದ್ದವರಿಗೆ. ಸುಲ್ತಾನನಿಗೆ ಎಡಿರ್ನೆಯ ಅರಮನೆ ಇತ್ತು. ಬಂದರಿನ ಹಮಾಲಿಗೆ, ಹಡಗುಗಳಲ್ಲಿ ಹುಟ್ಟು ಹಾಕುವ ಗುಲಾಮನಿಗೆ, ಹೆಣ ತೊಳೆಯುವವನಿಗೆ ಫತ್ವಾ ಇದ್ದೂ ಇಲ್ಲದಂತೆ. ಅನುಮತಿ ಎಲ್ಲರಿಗೂ ಸಿಕ್ಕಿತು, ಕುದುರೆ ಕೆಲವರಿಗಷ್ಟೇ ಇತ್ತು.

ಈ ಕೊರತೆ ಇಸ್ಲಾಮಿನದೊಂದೇ ಅಲ್ಲ. 1527ರಲ್ಲಿ ಜರ್ಮನಿಯ ವಿಟನ್‌ಬರ್ಗ್‌ಗೆ ಪ್ಲೇಗು ಬಂದಾಗ ಮಾರ್ಟಿನ್ ಲೂಥರ್ ಊರು ಬಿಡದೆ ಉಳಿದ, ಕ್ರೈಸ್ತನು ಪ್ಲೇಗಿನಿಂದ ಓಡಬಹುದೇ ಎಂಬ ಇದೇ ಪ್ರಶ್ನೆಗೆ ಸಾರ್ವಜನಿಕ ಪತ್ರ ಬರೆದ. ಪಾದ್ರಿ, ನ್ಯಾಯಾಧಿಕಾರಿ ಮುಂತಾದ ಹೊಣೆ ಹೊತ್ತವರು ಹೋಗಕೂಡದು. ಮಿಕ್ಕವರು ಹೋಗಬಹುದು, ಆದರೆ ನೆರೆಯ ರೋಗಿಯನ್ನು ನೋಡಿಕೊಳ್ಳಲು ಜನರಿದ್ದರೆ ಮಾತ್ರ. ಗಝಾಲಿಯನ್ನು ಓದಿರದ ಲೂಥರ್ ಬಂದು ನಿಂತದ್ದು ಗಝಾಲಿಯ ಪಕ್ಕದಲ್ಲೇ. ಯಹೂದಿ ಧರ್ಮಶಾಸ್ತ್ರದಲ್ಲಿ, ಪೋಲೆಂಡಿನ ರಬ್ಬಿ ಮೋಸೆಸ್ ಇಸ್ಸರ್ಲಿಸ್ ಪಿಡುಗು ತಲೆದೋರುವ ಹೊತ್ತಿಗೇ ಊರು ಬಿಡಬೇಕೆಂದು ಬರೆದ, 1556ರಲ್ಲಿ ತಾನೂ ಕ್ರಾಕೋವ್ ಬಿಟ್ಟ. ಪೋರ್ಚುಗಲ್ಲಿನಲ್ಲಿ ಹುಟ್ಟಿ, ಯುರೋಪಿನಲ್ಲಿ ಬೇಟೆಗೊಳಗಾಗಿ, ಕೊನೆಗೆ ಆಟೋಮನ್ನರ ಸಲೋನಿಕಾ ನಗರದಲ್ಲಿ ಯಹೂದಿಯಾಗಿ ಬಹಿರಂಗವಾಗಿ ಬಾಳಿದ ಹೆಸರಾಂತ ವೈದ್ಯ ಅಮಾಟುಸ್ ಲೂಸಿಟಾನುಸ್ 1568ರಲ್ಲಿ ಅಲ್ಲೇ ಪ್ಲೇಗಿಗೆ ಸತ್ತ.

1592ರಲ್ಲಿ ಇಸ್ತಾಂಬುಲಿನ ಪ್ಲೇಗು ಉಗ್ರವಾದಾಗ ಸುಲ್ತಾನ್ ಮೂರನೆಯ ಮುರಾದನ ಆಜ್ಞೆಯಂತೆ ಜನ ಓಕ್‌ಮೇದಾನ್ ಬಯಲಿನಲ್ಲಿ ಸೇರಿ ಸಾಮೂಹಿಕ ಪ್ರಾರ್ಥನೆ ನಡೆಸಿದರು. ಇಬ್ನ್ ಹಜರ್ ಬೇಡವೆಂದದ್ದನ್ನೇ ರಾಜ್ಯ ಮಾಡಿಸಿತು. ಹೆದರಿದ ಜನಕ್ಕೆ ಒಟ್ಟಿಗೆ ನಿಲ್ಲಬೇಕೆಂಬ ಆಸೆ ಪಂಡಿತರ ಲೆಕ್ಕಕ್ಕಿಂತ ಬಲವಾಗಿತ್ತು. ಆ ಆಸೆಯನ್ನು ಹಳಿಯುವುದು ಕಷ್ಟ.

ಈ ಪ್ರಶ್ನೆ ಕರ್ನಾಟಕದ ನೆಲಕ್ಕೂ ಬಂದಿತ್ತು. ಔರಂಗಜೇಬ್ ಬಿಜಾಪುರವನ್ನು ಗೆದ್ದ ಎರಡು ವರ್ಷಕ್ಕೆ, 1688ರ ಕೊನೆಯಲ್ಲಿ, ಅಲ್ಲಿ ಬೀಡುಬಿಟ್ಟಿದ್ದ ಮೊಗಲ್ ದಂಡಿನಲ್ಲಿ ಪ್ಲೇಗು ಎದ್ದಿತು. ಬಾದಶಹನ ಪತ್ನಿ ಔರಂಗಾಬಾದಿ ಮಹಲ್ ಅದಕ್ಕೆ ಬಲಿಯಾದಳು. ಷರಿಯತ್ತಿನಲ್ಲಿ ಕಟ್ಟುನಿಟ್ಟಿನವನೆಂದು ಹೆಸರಾದ ಬಾದಶಹ ದಂಡು ಕಿತ್ತು ಬಿಜಾಪುರ ಬಿಟ್ಟ. ಇನ್ನೂ ಇನ್ನೂರು ವರ್ಷದ ಮೇಲೆ, 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಕಾನೂನಿಗೂ ಶಾಸ್ತ್ರಕ್ಕೂ ಕಾಯದೆ ಜನ ಊರು ಬಿಟ್ಟರು. ಹಳ್ಳಿಗಳಲ್ಲಿ ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಂಡರು, ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದರು. ಗುಡಿಸಲೂ ಬೇಕು, ಗುಡಿಯೂ ಬೇಕು ಎಂದವರ ಮನಸ್ಸು ತಾಶ್‌ಕೊಪ್ರುಝಾದೆಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಆಟೋಮನ್ ಸಾಮ್ರಾಜ್ಯ 1838ರಲ್ಲಿ ಎರಡನೆಯ ಮಹ್ಮೂದನ ಕಾಲದಲ್ಲಿ ಕ್ವಾರಂಟೈನ್ ವ್ಯವಸ್ಥೆಯನ್ನು ಅಧಿಕೃತವಾಗಿ ಜಾರಿ ಮಾಡಿತು. ಅದಕ್ಕೆ ಧರ್ಮಾಧಿಕಾರಿಗಳ ಒಪ್ಪಿಗೆಯ ಫತ್ವಾ ಸಿಕ್ಕಿತು. ಅಲ್ಜೀರಿಯಾದಿಂದ ಬಂದ ವಿದ್ವಾಂಸ ಹಮ್ದಾನ್ ಖೋಜಾ ಅದನ್ನು ಧರ್ಮದ ನೆಲೆಯಿಂದಲೇ ಸಮರ್ಥಿಸಿ ಗ್ರಂಥ ಬರೆದ. ಪ್ಲೇಗಿನ ಊರಿಗೆ ಹೋಗಬೇಡ, ಪ್ಲೇಗಿನ ಊರಿಂದ ಹೊರಡಬೇಡ ಎಂಬ ಏಳನೇ ಶತಮಾನದ ಮಾತಿಗೂ ಕ್ವಾರಂಟೈನಿಗೂ ಇರುವ ಹೋಲಿಕೆ ಯಾರಿಗಾದರೂ ಎದ್ದು ಕಾಣುತ್ತದೆ. ಆದರೆ ಹೋಲಿಕೆ ಕಂಡೊಡನೆ ಹಳಬರಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಬೀಗುವುದು ಇಬ್ನ್ ಹಜರನ ಹೆಣ್ಣುಮಕ್ಕಳಿಗೂ ಸಲೇ ಪಟ್ಟಣದ ಬರಿದಾದ ಮನೆಗಳಿಗೂ ಮಾಡುವ ಅನ್ಯಾಯ. ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಅವರು ಪ್ರಾಮಾಣಿಕವಾಗಿ ವಾದಿಸಿದರು. ಈ ಲೇಖನ ಗೌರವಿಸುವುದು ಆ ಪ್ರಾಮಾಣಿಕತೆಯನ್ನು.

ಕೋವಿಡ್ ಕಾಲದಲ್ಲಿ ನಮ್ಮ ಗುಡಿ, ಮಸೀದಿ, ಚರ್ಚುಗಳ ಬಾಗಿಲು ಮುಚ್ಚಿದಾಗ ಕೇಳಿಬಂದ ವಾದಗಳಲ್ಲಿ ಈ ಹಿರಿಯರ ಹೆಸರು ಹೆಚ್ಚಾಗಿ ಕೇಳಲಿಲ್ಲ. ಇಬ್ನ್ ಹಜರನ ಪ್ಲೇಗಿನ ಗ್ರಂಥ 2023ರಲ್ಲಿ ಇಂಗ್ಲಿಷಿಗೆ ಬಂದಿದೆ. ಅರಬ್ಬೀ ಬಲ್ಲ ಕನ್ನಡಿಗರು ನಮ್ಮಲ್ಲಿದ್ದಾರೆ. ಅವರಲ್ಲಿ ಯಾರಾದರೂ ಈ ಗ್ರಂಥವನ್ನೂ, ಗಝಾಲಿಯ ಆ ಅಧ್ಯಾಯವನ್ನೂ ಮೂಲದಿಂದಲೇ ಕನ್ನಡಕ್ಕೆ ತರಬೇಕು.